ಗಾಡಿ ಎತ್ತರಿಸಿದ ಮೇಲೆ ಶಾಫ್ಟ್ ಸಾಲದಾದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯನ್ನು ಕುರಿತವು. ನಾಲ್ಕು ಚಕ್ರ ಚಾಲನೆಯ ಗಾಡಿಯ ಸಸ್ಪೆನ್ಷನ್ ಎತ್ತರಿಸಿದ ಬಳಿಕ ಎಂಜಿನ್‌ನ ಬಲವನ್ನು ಚಕ್ರಗಳ ಕಡೆಗೆ ಒಯ್ಯುವ ಶಾಫ್ಟ್‌ಗಳು ಹೊಂದುತ್ತಿಲ್ಲ, ಸದ್ದು ಮಾಡುತ್ತಿವೆ ಅಥವಾ ಕಳಚುತ್ತಿವೆ ಎಂಬುದು ಹಲವರ ದೂರು. ಆದ್ದರಿಂದ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು, ಇಲ್ಲಿ ಈ ಒಂದು ವಿಷಯವನ್ನಷ್ಟೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನನ್ನ ಬಳಿ ಸೇನೆಯ ಹರಾಜಿನಿಂದ ಬಂದ ಮಾರುತಿ ಜಿಪ್ಸಿ ಇದೆ. ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿ ಕಡೆಯ ಕಚ್ಚಾ ದಾರಿಗಳಲ್ಲಿ ತಳ ತಾಗುತ್ತಿದ್ದುದರಿಂದ, ಆಕ್ಸಲ್ ಕೆಳಗಿದ್ದ ಪಾಟಾಗಳನ್ನು (ಪಟ್ಟಿ ಸ್ಪ್ರಿಂಗ್‌ಗಳನ್ನು) ಆಕ್ಸಲ್ ಮೇಲೆ ಕೂರಿಸಿ ಸುಮಾರು 4 ಇಂಚು ಎತ್ತರ ಮಾಡಿಸಿದೆ. ಅಂದಿನಿಂದ 55–60 ಕಿ.ಮೀ. ವೇಗಕ್ಕೆ ಬಂದೊಡನೆ ಸೀಟಿನ ಅಡಿಯಿಂದ ಗುಂಯ್ ಎನ್ನುವ ಕಂಪನ ಏಳುತ್ತದೆ. ಮೊನ್ನೆ ಒಡ್ಡು ದಾಟುವಾಗ ಹಿಂದಿನ ಎರಡೂ ಚಕ್ರ ಜೋತುಬಿದ್ದು, ಹಿಂದಿನ ಶಾಫ್ಟ್‌ನ ಸ್ಲೀವ್ (ಉದ್ದ ಹೆಚ್ಚುಕಡಿಮೆಯಾಗಲು ಜಾರುವ ತೋಳು) ಕಳಚಿ ಶಾಫ್ಟ್ ನೆಲಕ್ಕೆ ಬಿತ್ತು. ಶಾಫ್ಟ್ ಉದ್ದ ಮಾಡಿಸಿ ಎಂದು ಒಬ್ಬ ಮಿಸ್ತ್ರಿ, ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸನ್ನೇ ಕೆಳಗಿಳಿಸೋಣ ಎಂದು ಇನ್ನೊಬ್ಬ ಮಿಸ್ತ್ರಿ ಹೇಳುತ್ತಾರೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಖಾನಾಪುರ

ಉತ್ತರ: ಶಾಫ್ಟ್ ಉದ್ದ ಮಾಡಿಸಿ ಎಂದವರ ಮಾತು ಕೇಳಿ, ಆದರೆ ಅದೊಂದರಿಂದಲೇ ಕೆಲಸ ಮುಗಿಯುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಗಾಡಿಯಲ್ಲಿ ಎರಡು ಬೇರೆ ಬೇರೆ ದೋಷಗಳು ಒಟ್ಟಿಗೆ ಕಾಣಿಸಿಕೊಂಡಿವೆ. ಸ್ಲೀವ್ ಕಳಚಿದ್ದು ಉದ್ದದ ದೋಷ, ಗುಂಯ್ ಎನ್ನುವುದು ಕೋನದ ದೋಷ. ಒಂದನ್ನು ಸರಿಪಡಿಸಿದ ಮಾತ್ರಕ್ಕೆ ಇನ್ನೊಂದು ಸರಿಹೋಗುವುದಿಲ್ಲ.

ಮೊದಲು ಉದ್ದದ ಮಾತು. ಗಾಡಿಯನ್ನು ಎತ್ತರಿಸುವುದೆಂದರೆ ಟ್ರಾನ್ಸ್‌ಫರ್ ಕೇಸ್ ಚೇಸಿಸ್ ಜೊತೆ ಮೇಲೇಳುತ್ತದೆ, ಬಲವನ್ನು ಎಡ-ಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಆಕ್ಸಲ್ ಜೊತೆ ಕೆಳಗೇ ಉಳಿಯುತ್ತದೆ, ಇವೆರಡರ ನಡುವೆ ಓರೆಯಾಗಿ ನಿಂತಿರುವ ಶಾಫ್ಟ್ ಇನ್ನಷ್ಟು ಓರೆಯಾಗಿ ಇನ್ನಷ್ಟು ದೂರ ಚಾಚಬೇಕಾಗುತ್ತದೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದು ಕ್ರಾಸ್‌ನಿಂದ (ಶಾಫ್ಟ್ ಓರೆಯಾಗಿ ತಿರುಗಲು ತುದಿಯಲ್ಲಿರುವ ಕೀಲಿನಿಂದ) ಇನ್ನೊಂದು ಕ್ರಾಸ್‌ವರೆಗೆ 600 ಮಿ.ಮೀ. ಉದ್ದವಿರುವ, ಎರಡು ತುದಿಗಳ ನಡುವೆ 100 ಮಿ.ಮೀ. ಎತ್ತರದ ವ್ಯತ್ಯಾಸವಿರುವ ಶಾಫ್ಟನ್ನು ತೆಗೆದುಕೊಳ್ಳೋಣ. ಅದರ ಇಳಿಜಾರು ಸುಮಾರು 9.6 ಡಿಗ್ರಿ. ಗಾಡಿಯನ್ನು 100 ಮಿ.ಮೀ., ಅಂದರೆ ಸುಮಾರು 4 ಇಂಚು ಎತ್ತರಿಸಿದರೆ ಇಳಿಜಾರು 18.7 ಡಿಗ್ರಿಗೆ ಏರುತ್ತದೆ ಮತ್ತು ಶಾಫ್ಟ್ ಸುಮಾರು 24 ಮಿ.ಮೀ. ಹೆಚ್ಚು ಚಾಚಬೇಕಾಗುತ್ತದೆ. ಇದೇ ಶಾಫ್ಟ್ 1200 ಮಿ.ಮೀ. ಉದ್ದವಿದ್ದಿದ್ದರೆ ಕೋನ ಕೇವಲ 9.5 ಡಿಗ್ರಿಯಾಗುತ್ತಿತ್ತು, ಚಾಚಬೇಕಾದದ್ದು 12 ಮಿ.ಮೀ. ಮಾತ್ರ. ಉದ್ದನೆಯ ಪಿಕಪ್ ಗಾಡಿಗೆ ಏನೂ ಆಗದ ಎತ್ತರವು, 2375 ಮಿ.ಮೀ. ವೀಲ್‌ಬೇಸ್‌ನ ಜಿಪ್ಸಿಯಂಥ ಗಿಡ್ಡ ಗಾಡಿಗೆ ಏಕೆ ತೊಡಕಾಗುತ್ತದೆ ಎಂಬುದಕ್ಕೆ ಇದೇ ಕಾರಣ.

ಮೇಲಿನ ಲೆಕ್ಕ ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಾಗಿನದು. ನಿಮ್ಮ ಸ್ಲೀವ್ ಕಳಚಿದ್ದು ಚಕ್ರಗಳು ಜೋತುಬಿದ್ದಾಗ, ಅಂದರೆ ಆಕ್ಸಲ್ ಅದಕ್ಕೂ ಕೆಳಗಿಳಿದಾಗ. ಹೀಗಾಗಿ ಹೊಸ ಶಾಫ್ಟ್‌ನ ಅಳತೆಯನ್ನು ಗಾಡಿ ನೆಲದ ಮೇಲಿರುವಾಗ ತೆಗೆದುಕೊಂಡರೆ ಸಾಲದು. ಚೇಸಿಸ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಮುಂದಿನ ಚಕ್ರಗಳಿಗೆ ಕಲ್ಲು ಒಡ್ಡಿ, ಹಿಂದಿನ ಚಕ್ರಗಳನ್ನು ಪೂರ್ತಿ ಜೋತುಬಿಟ್ಟು ಶಾಫ್ಟ್‌ನ ತುದಿಗಳು ಬೋಲ್ಟ್ ಆಗುವ ಎರಡು ಫ್ಲಾಂಜ್‌ಗಳ ನಡುವಿನ ದೂರವನ್ನು ಅಳೆಯಿರಿ; ಆ ಬಳಿಕ ಆಕ್ಸಲ್ ಅನ್ನು ಬಂಪ್ ಸ್ಟಾಪ್ ಮುಟ್ಟುವವರೆಗೆ ಮೇಲೆತ್ತಿ ಇನ್ನೊಮ್ಮೆ ಅಳೆಯಿರಿ. ಪಾಟಾ ಚಪ್ಪಟೆಯಾದಂತೆ ಆಕ್ಸಲ್ ಶ್ಯಾಕಲ್ (ಪಾಟಾದ ಒಂದು ತುದಿಯನ್ನು ಚೇಸಿಸ್‌ಗೆ ಜೋಡಿಸುವ ಓಲಾಡುವ ಕೊಂಡಿ) ಇರುವ ಕಡೆಗೆ ಸ್ವಲ್ಪ ಸರಿಯುವುದರಿಂದ ಕಾಗದದ ಮೇಲಿನ ಲೆಕ್ಕ ಇಲ್ಲಿ ಕೈಕೊಡುತ್ತದೆ, ಟೇಪ್ ಹಿಡಿದೇ ನೋಡಬೇಕು. ಪೂರ್ತಿ ಜೋತುಬಿದ್ದಾಗಲೂ ಸ್ಪ್ಲೈನ್ (ಸ್ಲೀವ್ ಒಳಗೆ ಕೂರುವ ಹಲ್ಲುಗಳಿರುವ ದಂಡ) ತನ್ನ ವ್ಯಾಸಕ್ಕಿಂತ ಹೆಚ್ಚು ಉದ್ದ ಸ್ಲೀವ್ ಒಳಗಿರಬೇಕು, ಪೂರ್ತಿ ಒತ್ತಿದಾಗಲೂ ಸ್ಲೀವ್ ಇನ್ನೂ 20–25 ಮಿ.ಮೀ. ಒಳಸರಿಯಲು ಜಾಗವಿರಬೇಕು ಎಂಬುದು ನಾನು ಪಾಲಿಸುವ ಅಳತೆ. ಎರಡನೆಯದನ್ನು ಅನೇಕರು ಮರೆಯುತ್ತಾರೆ. ಮತ್ತೆ ಕಳಚಬಾರದೆಂಬ ಹೆದರಿಕೆಯಲ್ಲಿ ಶಾಫ್ಟನ್ನು ಅತಿ ಉದ್ದ ಮಾಡಿಸಿದರೆ, ಗುಂಡಿಗೆ ಬಿದ್ದ ಗಾಡಿಯ ಪೆಟ್ಟು ನೇರವಾಗಿ ಟ್ರಾನ್ಸ್‌ಫರ್ ಕೇಸ್‌ನ ಔಟ್‌ಪುಟ್ ಬೇರಿಂಗ್‌ಗೂ ಶಾಫ್ಟ್‌ನ ತಿರುವನ್ನು ಡಿಫರೆನ್ಷಿಯಲ್ ಒಳಗೆ ಒಯ್ಯುವ ಪಿನಿಯನ್‌ನ ಬೇರಿಂಗ್‌ಗೂ ತಗಲುತ್ತದೆ. ಆ ಖರ್ಚು ಶಾಫ್ಟ್‌ನ ಖರ್ಚಿಗಿಂತ ಬಹಳ ದೊಡ್ಡದು.

ಗಾಡಿ ಎತ್ತರಿಸುವಾಗ ಉದ್ದನೆಯ ಷಾಕ್ ಅಬ್ಸಾರ್ಬರ್ ಹಾಕಿಸಿದ್ದೀರಾ ಎಂಬುದನ್ನು ನೀವು ಬರೆದಿಲ್ಲ. ಆಕ್ಸಲ್ ಎಷ್ಟು ಕೆಳಗಿಳಿಯಬಹುದು ಎಂಬುದನ್ನು ಅನೇಕ ಗಾಡಿಗಳಲ್ಲಿ ಕೊನೆಗೆ ತಡೆದು ನಿಲ್ಲಿಸುವುದು ಷಾಕ್ ಅಬ್ಸಾರ್ಬರ್. ಅದು ಉದ್ದವಾದಷ್ಟೂ ಶಾಫ್ಟ್ ಮೇಲಿನ ಎಳೆತ ಹೆಚ್ಚುತ್ತದೆ, ಬ್ರೇಕ್ ಹೋಸ್ ಮೇಲೂ ಹೆಚ್ಚುತ್ತದೆ.

ಇನ್ನು ಕೋನ. ಒಂದು ಕ್ರಾಸ್ ಓರೆಯಾಗಿ ತಿರುಗುವಾಗ ಅದರ ಮುಂದಿನ ಭಾಗ ಒಂದೇ ವೇಗದಲ್ಲಿ ತಿರುಗಿದರೂ ಹಿಂದಿನ ಭಾಗ ಹಾಗೆ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗ ಹೆಚ್ಚಿ ಎರಡು ಬಾರಿ ತಗ್ಗುತ್ತದೆ. ಈ ಏರಿಳಿತ 9.6 ಡಿಗ್ರಿಯಲ್ಲಿ ಸುಮಾರು ಶೇ. 1.4ರಷ್ಟು, 18.7 ಡಿಗ್ರಿಯಲ್ಲಿ ಶೇ. 5ಕ್ಕೂ ಮಿಕ್ಕಿ. 60 ಕಿ.ಮೀ. ವೇಗವೆಂದರೆ ನಿಮಿಷಕ್ಕೆ 1000 ಮೀಟರ್. ಟಯರ್‌ನ ಸುತ್ತಳತೆ 2.1 ಮೀಟರ್, ಡಿಫರೆನ್ಷಿಯಲ್ ಅನುಪಾತ ಸುಮಾರು 4 ಎಂದುಕೊಂಡರೆ ಶಾಫ್ಟ್ ನಿಮಿಷಕ್ಕೆ ಸುಮಾರು 1900 ಸುತ್ತು ತಿರುಗುತ್ತದೆ, ಸುತ್ತಿಗೆ ಎರಡರಂತೆ ಸೆಕೆಂಡಿಗೆ 60ಕ್ಕೂ ಹೆಚ್ಚು ಸಣ್ಣ ಎಳೆತಗಳು ಏಳುತ್ತವೆ. ಸೀಟಿನ ಅಡಿಯಿಂದ ನಿಮಗೆ ಕೇಳಿಸುವ ಗುಂಯ್ ಸದ್ದು ಅದೇ. ಎರಡು ತುದಿಗಳ ಕ್ರಾಸ್‌ಗಳು ಸಮಾನ ಕೋನದಲ್ಲಿದ್ದು, ಅವುಗಳ ಯೋಕ್‌ಗಳು (ಕ್ರಾಸನ್ನು ಹಿಡಿದಿರುವ ಕವಲುಗಳು) ಶಾಫ್ಟ್ ಮೇಲೆ ಒಂದೇ ನೇರದಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಕಂಪನಿಯಿಂದ ಬಂದ ಗಾಡಿ ಸದ್ದಿಲ್ಲದೆ ಓಡುವುದು ಈ ಹೊಂದಾಣಿಕೆಯಿಂದ.

ಆದ್ದರಿಂದ ದುಡ್ಡು ಖರ್ಚು ಮಾಡುವ ಮೊದಲು ಗಾಡಿಯ ಕೆಳಗೆ ಮಲಗಿ ಯೋಕ್‌ಗಳನ್ನು ನೋಡಿ. ಕಳಚಿದ ಶಾಫ್ಟನ್ನು ದಾರಿಯಲ್ಲೇ ಮತ್ತೆ ಜೋಡಿಸಿದ್ದರೆ ಸ್ಲೀವ್ ಒಂದೆರಡು ಹಲ್ಲು ಆಚೀಚೆ ಕೂತಿರುವ ಸಾಧ್ಯತೆ ಬಹಳ. ಎರಡು ತುದಿಯ ಯೋಕ್‌ಗಳು ಒಂದೇ ನೇರದಲ್ಲಿಲ್ಲದಿದ್ದರೆ ಬಿಚ್ಚಿ ಸರಿಯಾಗಿ ಕೂರಿಸಿ, ಪಂಚ್‌ನಿಂದ ಎರಡೂ ಕಡೆ ಗುರುತು ಹೊಡೆಯಿರಿ. ಇದಕ್ಕೆ ಬಿಡಿಭಾಗವೇನೂ ಬೇಕಿಲ್ಲ. ಯೋಕ್‌ಗಳು ಸರಿಯಿದ್ದೂ ಕಂಪನವಿದ್ದರೆ ಟ್ರಾನ್ಸ್‌ಫರ್ ಕೇಸ್‌ನ ಫ್ಲಾಂಜ್ ಮತ್ತು ಪಿನಿಯನ್ ಫ್ಲಾಂಜ್ ಎರಡರ ಓರೆಯನ್ನೂ ಅಳೆಯಬೇಕು. ಫೋನಿನಲ್ಲಿರುವ ಕೋನಮಾಪಕವೇ ಸಾಕು, ಆದರೆ ಗಾಡಿ ತನ್ನ ಚಕ್ರಗಳ ಮೇಲೆ, ಸಮತಟ್ಟಾದ ನೆಲದಲ್ಲಿ ನಿಂತಿರಬೇಕು.

ಇಲ್ಲಿ ನಮ್ಮ ಕಡೆಯ ಗ್ಯಾರೇಜ್‌ಗಳಲ್ಲಿ ಬಲವಾಗಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಪಾಟಾ ಮೇಲೆ ಕೂರಿಸುವಾಗ ಆಕ್ಸಲ್‌ಗೆ ಹೊಸ ಕುರ್ಚಿಗಳನ್ನು, ಅಂದರೆ ಪಾಟಾ ಕೂರುವ ತಟ್ಟೆಗಳನ್ನು ವೆಲ್ಡ್ ಮಾಡುತ್ತಾರೆ. ಆಗ ಪಿನಿಯನ್ ಮೂತಿ ಟ್ರಾನ್ಸ್‌ಫರ್ ಕೇಸನ್ನು ನೇರವಾಗಿ ನೋಡುವಂತೆ ಮೇಲಕ್ಕೆ ತಿರುಗಿಸಿ ವೆಲ್ಡ್ ಮಾಡಿದರೆ ಶಾಫ್ಟ್‌ಗೆ ಆರಾಮ ಎಂದು ಅನೇಕರು ನಂಬಿದ್ದಾರೆ. ಮೇಲಿನ ತುದಿಯಲ್ಲಿ ಎರಡು ಕ್ರಾಸ್ ಒಟ್ಟಿಗಿರುವ ಡಬಲ್ ಕಾರ್ಡನ್ ಶಾಫ್ಟ್‌ಗೆ ಅದು ಸರಿ. ತುದಿಗೊಂದರಂತೆ ಎರಡೇ ಕ್ರಾಸ್ ಇರುವ ನಿಮ್ಮ ಶಾಫ್ಟ್‌ಗೆ ಅದು ಪೂರ್ತಿ ತಪ್ಪು, ಏಕೆಂದರೆ ಆಗ ಕೆಳಗಿನ ಕೋನ ಸೊನ್ನೆಯಾಗುತ್ತದೆ, ಮೇಲಿನದು ದೊಡ್ಡದಾಗಿಯೇ ಉಳಿಯುತ್ತದೆ, ಅಳಿಸಿಹಾಕುವ ಜೋಡಿಯೇ ಇಲ್ಲವಾಗುತ್ತದೆ. ನಿಮ್ಮಲ್ಲಿ ಎರಡು ಫ್ಲಾಂಜ್‌ಗಳು ಒಂದಕ್ಕೊಂದು ಸಮಾನಾಂತರವಾಗಿರಬೇಕು. ವ್ಯತ್ಯಾಸ ಎರಡು-ಮೂರು ಡಿಗ್ರಿಯಷ್ಟಿದ್ದರೆ ಪಾಟಾ ಮತ್ತು ಕುರ್ಚಿಯ ನಡುವೆ ಉಕ್ಕಿನ ಓರೆ ತುಂಡು ಕೊಟ್ಟು ಸರಿಪಡಿಸಬಹುದು. ಅಲ್ಯೂಮಿನಿಯಂ ತುಂಡು ಒಡೆಯುವ ಭಯವಿರುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ವ್ಯತ್ಯಾಸ ಇನ್ನೂ ದೊಡ್ಡದಿದ್ದರೆ ಕುರ್ಚಿಗಳನ್ನು ಬಿಡಿಸಿ, ಮೊದಲು ಟ್ಯಾಕ್ ಹೊಡೆದು, ಗಾಡಿಯ ಭಾರವನ್ನೆಲ್ಲ ಚಕ್ರಗಳ ಮೇಲೆ ಇಳಿಸಿ ಕೋನ ನೋಡಿ, ಆಮೇಲೆ ಪೂರ್ತಿ ವೆಲ್ಡ್ ಮಾಡಿಸಬೇಕು.

ಟ್ರಾನ್ಸ್‌ಫರ್ ಕೇಸ್ ಇಳಿಸುವ ಸಲಹೆಯನ್ನು ಜಿಪ್ಸಿಯಲ್ಲಿ ನಾನು ಅನುಮಾನದಿಂದಲೇ ನೋಡುತ್ತೇನೆ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ; ಅವೆರಡರ ನಡುವೆ ಮೂರನೆಯ ಗಿಡ್ಡ ಶಾಫ್ಟ್ ಒಂದಿದೆ. ಟ್ರಾನ್ಸ್‌ಫರ್ ಕೇಸ್ ಇಳಿದರೆ ಉದ್ದನೆಯ ಎರಡು ಶಾಫ್ಟ್‌ಗಳ ಕೋನ ತಗ್ಗುತ್ತದೆ ನಿಜ, ಆದರೆ ಈ ಗಿಡ್ಡ ಶಾಫ್ಟ್‌ನ ಕೋನ ಏರುತ್ತದೆ. ಅದರ ಉದ್ದ 300 ಮಿ.ಮೀ. ಎಂದು ಹಿಡಿದರೆ, ಬರೀ 25 ಮಿ.ಮೀ. ಇಳಿಸಿದರೂ ಸುಮಾರು 5 ಡಿಗ್ರಿ ಸೇರಿಕೊಳ್ಳುತ್ತದೆ. ಗಾಡಿ ಓಡುವಷ್ಟು ಹೊತ್ತೂ ತಿರುಗುವ ಶಾಫ್ಟ್ ಅದು. ಹಿಂದಿನ ತೊಂದರೆಯನ್ನು ತಂದು ನಡುವೆ ಕೂರಿಸಿದಂತಾಗುತ್ತದೆ, ಜೊತೆಗೆ ಎತ್ತರಿಸಿ ಗಳಿಸಿದ ಜಾಗದಲ್ಲಿ ಒಂದು ಪಾಲು ಹೊಟ್ಟೆಯಡಿಯಲ್ಲೇ ಕಳೆದುಹೋಗುತ್ತದೆ.

ಶಾಫ್ಟ್ ಉದ್ದ ಮಾಡಿಸಲು ನೀವು ದೂರ ಹೋಗಬೇಕಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಕೆಲಸಕ್ಕೆ ಕೊರತೆಯಿಲ್ಲ. ಆದರೆ ಹಳೆಯ ಕೊಳವೆಯ ನಡುವೆ ತುಂಡು ಸೇರಿಸಿ ಬೆಸೆಯುವವರನ್ನು ಬಿಟ್ಟು, ಅದೇ ದಪ್ಪದ ಹೊಸ ಕೊಳವೆಯನ್ನು ಒಂದೇ ತುಂಡಾಗಿ ಹಾಕಿ, ಯೋಕ್‌ಗಳ ನೇರವನ್ನು ಕಾಯ್ದು, ಡಯಲ್ ಗೇಜ್ ಇಟ್ಟು ಓಲಾಟ ನೋಡಿ, ಕೊನೆಗೆ ತಿರುಗಿಸಿ ಬ್ಯಾಲೆನ್ಸ್ ಮಾಡಿಕೊಡುವವರನ್ನು ಹುಡುಕಿ. ಹಳೆಯ ಶಾಫ್ಟ್ ಮೇಲಿದ್ದ ಬ್ಯಾಲೆನ್ಸ್ ತೂಕದ ಚೂರುಗಳು ಹೊಸ ಕೊಳವೆಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಕೊರತೆ ಹತ್ತಿಪ್ಪತ್ತು ಮಿ.ಮೀ. ಮಾತ್ರವಿದ್ದರೆ ಫ್ಲಾಂಜ್‌ಗಳ ನಡುವೆ ಮಷಿನ್ ಮಾಡಿದ ಸ್ಪೇಸರ್ ತಟ್ಟೆ ಮತ್ತು ಅದಕ್ಕೆ ತಕ್ಕ ಉದ್ದದ ಹೈ ಟೆನ್ಸೈಲ್ ಬೋಲ್ಟ್‌ಗಳಿಂದಲೂ ಕೆಲಸವಾಗುತ್ತದೆ.

ಇಷ್ಟೆಲ್ಲ ಮಾಡಿದರೂ 18–19 ಡಿಗ್ರಿಯ ಕೋನ ಹೆದ್ದಾರಿಯ ಓಟಕ್ಕೆ ಒಳ್ಳೆಯದಲ್ಲ. ಎರಡು ಕೋನಗಳು ಸಮವಾಗಿದ್ದರೂ ನಡುವಿನ ಕೊಳವೆ ಏರಿಳಿತದಲ್ಲೇ ತಿರುಗುತ್ತಿರುತ್ತದೆ, ಕ್ರಾಸ್‌ನ ಸೂಜಿ ಬೇರಿಂಗ್‌ಗಳು ಬೇಗ ಸವೆಯುತ್ತವೆ. ಪಾಟಾ ಮೇಲೆ ಕೂತಾಗ ಇನ್ನೊಂದು ತೊಡಕೂ ಇದೆ: ಕ್ಲಚ್ ಬಿಟ್ಟು ಎಳೆಯುವಾಗ ಆಕ್ಸಲ್ ಹಿಂದಕ್ಕೆ ತಿರುಚಿಕೊಂಡು, ಪಾಟಾ ಬಳುಕಿ, ಪಿನಿಯನ್ ಮೂತಿ ಮೇಲೇಳುತ್ತದೆ. ಆಕ್ಸಲರೇಟರ್ ಒತ್ತಿದಾಗ ಕಂಪನ ಹೆಚ್ಚಿ, ಬಿಟ್ಟಾಗ ತಗ್ಗುತ್ತಿದ್ದರೆ ಇದನ್ನು ಶಂಕಿಸಿ. ಒತ್ತಿದರೂ ಬಿಟ್ಟರೂ ವೇಗಕ್ಕೆ ತಕ್ಕಂತೆ ಒಂದೇ ಸಮ ಇದ್ದರೆ ಬ್ಯಾಲೆನ್ಸ್ ಶಂಕಿಸಿ. ಖಾನಾಪುರದ ಕೆಂಪು ಜಂಬಿಟ್ಟಿಗೆ ಮಣ್ಣಿನ ದಾರಿಗೆ 2 ಇಂಚು ಎತ್ತರ ಮತ್ತು ಒಳ್ಳೆಯ ಹಿಡಿತದ ಟಯರ್ ಸಾಕು ಎಂಬುದು ನನ್ನ ಅಭಿಪ್ರಾಯ. ಮೇಲಿನ ಉದಾಹರಣೆಯ ಶಾಫ್ಟ್‌ನಲ್ಲಿ 50 ಮಿ.ಮೀ. ಎತ್ತರಿಸಿದ್ದರೆ ಕೋನ 14 ಡಿಗ್ರಿಯಲ್ಲಿ ನಿಲ್ಲುತ್ತಿತ್ತು, ಉದ್ದದಲ್ಲಿ ಬೀಳುತ್ತಿದ್ದ ಕೊರತೆ 10 ಮಿ.ಮೀ. ಮಾತ್ರ.

ಒಂದು ಎಚ್ಚರಿಕೆ. ಟ್ರಾನ್ಸ್‌ಫರ್ ಕೇಸ್‌ನ ಹಿಂದೆ ಹ್ಯಾಂಡ್‌ಬ್ರೇಕ್ ಡ್ರಮ್ ಇರುವ ಹಳೆಯ ಗಾಡಿಗಳಲ್ಲಿ ಹಿಂದಿನ ಶಾಫ್ಟ್ ಬಿಚ್ಚಿದೊಡನೆ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನು ಹಿಡಿಯುವುದಿಲ್ಲ. ಬಿಚ್ಚುವ ಮೊದಲೇ ಚಕ್ರಗಳಿಗೆ ಕಲ್ಲು ಒಡ್ಡಿರಬೇಕು.

ಪ್ರಶ್ನೆ: ನಮ್ಮ ಹಳೆಯ ಮಹೀಂದ್ರಾ ಜೀಪಿನ ನಾಲ್ಕೂ ಪಾಟಾಗಳಿಗೆ ಉದ್ದನೆಯ ಶ್ಯಾಕಲ್ ಹಾಕಿಸಿದೆವು. ಸ್ಟಿಯರಿಂಗ್ ಅಲೆದಾಡತೊಡಗಿತು. ಮುಂದಿನ ಪಾಟಾಗಳಿಗೆ ಓರೆ ತುಂಡು ಕೊಟ್ಟ ಮೇಲೆ ಸ್ಟಿಯರಿಂಗ್ ಸರಿಯಾಯಿತು, ಆದರೆ ಈಗ ಮುಂದಿನ ಶಾಫ್ಟ್ ಕಂಪಿಸುತ್ತದೆ, ಕ್ರಾಸ್ ಪದೇ ಪದೇ ಹೋಗುತ್ತದೆ. ಓರೆ ತುಂಡು ತೆಗೆಯಬೇಕೆ?
— ಓದುಗರೊಬ್ಬರು, ಜಮಖಂಡಿ

ಉತ್ತರ: ತೆಗೆಯಬೇಡಿ. ನಿಮ್ಮ ಜೀಪಿನಲ್ಲಿ ಶ್ಯಾಕಲ್ ಪಾಟಾದ ಮುಂದಿನ ತುದಿಯಲ್ಲಿರುತ್ತದೆ. ಅದನ್ನು ಉದ್ದ ಮಾಡಿದಾಗ ಪಾಟಾದ ಮುಂದಿನ ತುದಿ ಕೆಳಗಿಳಿದು, ಆಕ್ಸಲ್ ಮುಂದಕ್ಕೆ ಉರುಳಿದಂತಾಗಿ, ಪಿನಿಯನ್ ಮೇಲೆದ್ದಿತು ಮತ್ತು ಕ್ಯಾಸ್ಟರ್ (ಮುಂದಿನ ಚಕ್ರ ಎಡ-ಬಲಕ್ಕೆ ತಿರುಗುವ ಅಚ್ಚಿನ ಹಿಂದಕ್ಕಿನ ಓರೆ) ತಗ್ಗಿತು. ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದು ಕ್ಯಾಸ್ಟರ್‌ನಿಂದ; ಅದು ತಗ್ಗಿದ್ದರಿಂದ ಅಲೆದಾಟ ಬಂತು. ಓರೆ ತುಂಡು ಆಕ್ಸಲ್ ಅನ್ನು ಹಿಂದಕ್ಕೆ ಉರುಳಿಸಿ ಕ್ಯಾಸ್ಟರ್ ಮರಳಿಸಿತು, ಅದೇ ಹೆಜ್ಜೆಯಲ್ಲಿ ಪಿನಿಯನ್ ಮೂತಿಯನ್ನು ಕೆಳಕ್ಕೆ ತಗ್ಗಿಸಿತು. ಮುಂದಿನ ಆಕ್ಸಲ್‌ನಲ್ಲಿ ಈ ಎರಡೂ ಒಂದೇ ಲೋಹಕ್ಕೆ ಬೆಸೆದುಕೊಂಡಿರುವುದರಿಂದ, ಒಂದನ್ನು ತಿದ್ದಿದರೆ ಇನ್ನೊಂದು ಕೆಡುವುದು ತಪ್ಪದು.

ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ನಾನು ಕ್ಯಾಸ್ಟರ್ ಆರಿಸುತ್ತೇನೆ. ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ ನುಸುಳಿ ಹೋಗುವ ರಸ್ತೆಯಲ್ಲಿ ಸ್ಟಿಯರಿಂಗ್ ಪ್ರತಿ ಕ್ಷಣವೂ ಬೇಕು, ಮುಂದಿನ ಶಾಫ್ಟ್ ಬೇಕಾಗುವುದು ಕೆಸರಿನಲ್ಲಿ ನಿಧಾನವಾಗಿ ಎಳೆಯುವಾಗ ಮಾತ್ರ. ನಿಮ್ಮ ಜೀಪಿನ ಮುಂದಿನ ಚಕ್ರಗಳಿಗೆ ಫ್ರೀ ವೀಲ್ ಹಬ್ (ಚಕ್ರವನ್ನು ಆಕ್ಸಲ್ ಶಾಫ್ಟ್‌ನಿಂದ ಬಿಡಿಸಿಡುವ ಸಾಧನ) ಇಲ್ಲದಿದ್ದರೆ ಗಾಡಿ ಟೂ ವೀಲ್‌ನಲ್ಲಿದ್ದರೂ ಚಕ್ರಗಳೇ ಮುಂದಿನ ಶಾಫ್ಟನ್ನು ತಿರುಗಿಸುತ್ತಿರುತ್ತವೆ, ಕ್ರಾಸ್ ವೃಥಾ ಸವೆಯುತ್ತದೆ. ಹಬ್ ಹಾಕಿಸಿ, ರಸ್ತೆಯಲ್ಲಿ ಅದನ್ನು ಫ್ರೀ ಸ್ಥಿತಿಯಲ್ಲಿಟ್ಟು ಓಡಿಸಿ; ಕಂಪನ ನಿಂತರೆ ಅದು ಮುಂದಿನ ಶಾಫ್ಟಿನದೇ ಎಂಬುದೂ ಖಾತ್ರಿಯಾಗುತ್ತದೆ. ಆಮೇಲೆ ಮುಂದಿನ ಚಕ್ರಗಳನ್ನು ಜೋತುಬಿಟ್ಟು ಶಾಫ್ಟನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ. ಎಲ್ಲಾದರೂ ಬಿಗಿ ಹಿಡಿದರೆ ಯೋಕ್‌ನ ಕಿವಿಗಳು ಒಂದಕ್ಕೊಂದು ತಾಗುತ್ತಿವೆ ಎಂದರ್ಥ. ಆಗ ಎಷ್ಟು ಹೊಸ ಕ್ರಾಸ್ ಹಾಕಿದರೂ ಉಳಿಯುವುದಿಲ್ಲ, ಶ್ಯಾಕಲ್ ಗಿಡ್ಡ ಮಾಡುವುದೇ ದಾರಿ. ಶ್ಯಾಕಲ್ ಎಷ್ಟು ಉದ್ದವಾಗುತ್ತದೋ ಅದರ ಅರ್ಧದಷ್ಟೇ ಗಾಡಿ ಏಳುವುದರಿಂದ, ಹಾಗೆ ಮಾಡಿದರೆ ನೀವು ಕಳೆದುಕೊಳ್ಳುವ ಎತ್ತರವೂ ಅಲ್ಪ.

ಪ್ರಶ್ನೆ: 2021ರ ಥಾರ್‌ಗೆ ಮುಂದೆ ಸ್ಪೇಸರ್, ಹಿಂದೆ ಎತ್ತರದ ಸ್ಪ್ರಿಂಗ್ ಹಾಕಿಸಿ ಎರಡೂವರೆ ಇಂಚು ಎತ್ತರಿಸಿದ್ದೇನೆ. ಈಗ ಮುಂದಿನ ಚಕ್ರದ ಒಳಬದಿಗೆಲ್ಲ ಗ್ರೀಸ್ ಸಿಡಿದಿದೆ, ತಿರುವಿನಲ್ಲಿ ಕಟಕಟ ಸದ್ದು ಬರುತ್ತದೆ. ಪ್ರೊಪೆಲ್ಲರ್ ಶಾಫ್ಟ್ (ಟ್ರಾನ್ಸ್‌ಫರ್ ಕೇಸ್‌ನಿಂದ ಡಿಫರೆನ್ಷಿಯಲ್‌ಗೆ ಹೋಗುವ ಶಾಫ್ಟ್) ಉದ್ದ ಮಾಡಿಸಬೇಕೆ?
— ಓದುಗರೊಬ್ಬರು, ತಾಳಿಕೋಟೆ

ಉತ್ತರ: ಬೇಡ. 2020ರಲ್ಲಿ ಬಂದ ಹೊಸ ಥಾರ್‌ನ ಮುಂಭಾಗ ಜಿಪ್ಸಿಯಂತಿಲ್ಲ. ಅಲ್ಲಿ ಡಿಫರೆನ್ಷಿಯಲ್ ಚೇಸಿಸ್ ಜೊತೆಗೇ ಇರುವುದರಿಂದ ಗಾಡಿ ಎತ್ತರಿಸಿದರೂ ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಉದ್ದವಾಗಲಿ ಕೋನವಾಗಲಿ ಬದಲಾಗುವುದಿಲ್ಲ. ಪೆಟ್ಟು ತಿಂದಿರುವುದು ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ಅಡ್ಡ ಶಾಫ್ಟ್. ಅದರ ಸಿ.ವಿ. ಜಾಯಿಂಟ್‌ನ (ಬಾಗಿದರೂ ಒಂದೇ ವೇಗದಲ್ಲಿ ತಿರುಗುವ ಕೀಲಿನ) ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಬಂದಿದೆ, ಒಳಗೆ ದೂಳು ಸೇರಿ ಜಾಯಿಂಟ್ ಸವೆಯಲು ತೊಡಗಿದೆ. ಚಕ್ರದ ಬದಿಯ ಜಾಯಿಂಟ್ ಸ್ಟಿಯರಿಂಗ್ ತಿರುವಿಗಾಗಿಯೇ ಮಾಡಿದ್ದಾದ್ದರಿಂದ 45 ಡಿಗ್ರಿಯ ಆಸುಪಾಸಿನವರೆಗೂ ಬಾಗಬಲ್ಲದು. ಒಳಬದಿಯ ಜಾಯಿಂಟ್ ಉದ್ದಕ್ಕೆ ಸರಿಯುವ ಕೆಲಸವನ್ನೂ ಮಾಡಬೇಕಾದ್ದರಿಂದ ಸಾಮಾನ್ಯವಾಗಿ ಅದರ ಅರ್ಧದಷ್ಟು ಮಾತ್ರ ಬಾಗುತ್ತದೆ. ಮೊದಲು ಸೋಲುವುದು ಒಳಗಿನದೋ ಹೊರಗಿನ ಬೂಟೋ ಎಂಬುದನ್ನು ಚಕ್ರ ಜೋತುಬಿಟ್ಟು ಕಣ್ಣಾರೆ ನೋಡಬೇಕು.

ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಷಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬದ) ತಲೆಯ ಮೇಲೆ ಇಡುವ ಸ್ಪೇಸರ್‌ನ ಗುಣ ತಿಳಿದಿರಲಿ. ಸ್ಟ್ರಟ್ ಕೆಳಗಿನ ಆರ್ಮ್‌ನ ನಡುವೆ ಕೂರುವುದರಿಂದ ಸ್ಪೇಸರ್‌ನ ದಪ್ಪಕ್ಕಿಂತ ಹೆಚ್ಚು ಚಕ್ರ ಕೆಳಗಿಳಿಯುತ್ತದೆ. ಗಾಡಿ ನಿಂತಾಗ ಮಾತ್ರವಲ್ಲ, ಪೂರ್ತಿ ಜೋತುಬಿದ್ದಾಗಲೂ ಕಂಪನಿ ಎಣಿಸಿದ್ದಕ್ಕಿಂತ ಕೆಳಗೆ ಹೋಗುತ್ತದೆ. ಎರೆ ಹೊಲದ ಒಡ್ಡು ದಾಟುವಾಗ ಜಾಯಿಂಟ್ ಮಿತಿ ಮೀರುವುದು ಹೀಗೆ. ಬೂಟ್ ಹರಿದು ಎಷ್ಟು ದಿನವಾಯಿತೆಂಬುದು ಗೊತ್ತಿಲ್ಲದಿದ್ದರೆ, ಸದ್ದು ಶುರುವಾಗಿರುವ ಕಾರಣ ಬೂಟ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಜಾಯಿಂಟನ್ನೇ ಬದಲಿಸಿ. ಜೊತೆಗೆ ಮುಂಭಾಗವನ್ನು ಒಂದರಿಂದ ಒಂದೂವರೆ ಇಂಚಿಗೆ ಇಳಿಸಿ. ಮುಂದಿನ ಡಿಫರೆನ್ಷಿಯಲ್ ಅನ್ನೇ ಕೆಳಗಿಳಿಸುವ ಕಿಟ್‌ಗಳ ಮಾತನ್ನು ನೀವು ಕೇಳಿರಬಹುದು. ಅವು ಅಡ್ಡ ಶಾಫ್ಟ್‌ನ ಕೋನ ತಗ್ಗಿಸುತ್ತವೆ, ಆದರೆ ಅಲ್ಲಿಯವರೆಗೆ ಸರಿಯಾಗಿದ್ದ ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕೋನವನ್ನು ಬದಲಿಸುತ್ತವೆ. ಹಿಂದೆ ಇಡಿಯ ಆಕ್ಸಲ್ ಇರುವುದರಿಂದ ಖಾನಾಪುರದವರಿಗೆ ಹೇಳಿದ ಅಳತೆಗಳೆಲ್ಲ ನಿಮ್ಮ ಹಿಂದಿನ ಶಾಫ್ಟ್‌ಗೂ ಅನ್ವಯಿಸುತ್ತವೆ.

ಪ್ರಶ್ನೆ: ಸಸ್ಪೆನ್ಷನ್ ಎತ್ತರಿಸಿ ಶಾಫ್ಟ್ ಬದಲಿಸಿದರೆ ಆರ್.ಟಿ.ಓ. ತಕರಾರು ಮಾಡುತ್ತದೆಯೆ?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಮಾಡಬಹುದು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡನ್ನೂ ಹೇಳುತ್ತದೆ. ಕೆಲಸ ಮಾಡಿಸುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಬರೆದು ತಿಳಿಸಿ.

ಪ್ರಶ್ನೆ: ಶಾಫ್ಟ್ ಉದ್ದ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದ ಮೇಲೆ ಗಾಡಿ ಸರಿಯಾಗಿತ್ತು. ಮಳೆಯಲ್ಲಿ ಹೊಲಕ್ಕೆ ಹೋಗಿ ಬಂದ ಮರುದಿನ ಮತ್ತೆ ಕಂಪನ ಶುರುವಾಗಿದೆ. ಲೇತ್‌ನವರು ಕೆಲಸ ಕೆಡಿಸಿದ್ದಾರೆಯೆ?
— ಓದುಗರೊಬ್ಬರು, ಹುನಗುಂದ

ಉತ್ತರ: ಅವರೊಡನೆ ಜಗಳಕ್ಕೆ ಹೋಗುವ ಮೊದಲು ಗಾಡಿಯ ತಳ ತೊಳೆಯಿರಿ. ಎರೆ ಮಣ್ಣು ಶಾಫ್ಟ್‌ನ ಒಂದೇ ಮಗ್ಗುಲಿಗೆ ಮೆತ್ತಿಕೊಂಡು ಒಣಗಿದರೆ, ಬ್ಯಾಲೆನ್ಸ್ ತೂಕಕ್ಕಿಂತ ಎಷ್ಟೋ ಪಾಲು ಭಾರವಾಗುತ್ತದೆ. ಚಕ್ರದ ರಿಮ್‌ಗಳ ಒಳಬದಿಯನ್ನೂ ಕೆರೆದು ತೆಗೆಯಿರಿ. ತೊಳೆದ ಮೇಲೆ ಕ್ರಾಸ್‌ಗಳಿಗೆ ಮತ್ತು ಸ್ಲೀವ್‌ಗೆ ಹೊಸ ಗ್ರೀಸ್ ತುಂಬಿ, ಹಳೆಯದು ಸೀಲಿನಿಂದ ಹೊರಬರುವವರೆಗೆ ಒತ್ತಿ. ಹೊರಬಂದ ಗ್ರೀಸ್ ತುಕ್ಕಿನ ಬಣ್ಣದ್ದಾಗಿದ್ದರೆ ಆ ಕ್ರಾಸ್ ಒಳಗೆ ನೀರು ಹೋಗಿದೆ, ಅದನ್ನು ಬದಲಿಸಬೇಕು.